ಹಸಿರು ದಾರದ ಬಿಳಿ ಪ್ಯಾಡ್

ಹನ್ನೊಂದನೇ ದಿನದ ಕೆಲಸ ಮುಗಿಯಿತು, ನೆಂಟರು ಹೊರಟರು, ಅಮ್ಮನೂ ಸಂಜೆಯ ಬಸ್ಸು ಹತ್ತಿದಳು. ಮಾರನೆಯ ದಿನ ಮಾಮೂಲಿ ಬೆಳಗಾಯಿತು. ಆರೂವರೆಗೆ ನಲ್ಲಿ ಬಂತು. ಇಷ್ಟು ದಿನ ಯಾರ್ಯಾರೋ ಹಿಡಿದಿಡುತ್ತಿದ್ದ ನೀರನ್ನು ನಾನೇ ಹಿಡಿದೆ. ಕಾಫಿ ಮಾಡಿಕೊಂಡೆ, ಕುಡಿದೆ, ಲೋಟ ತೊಳೆದಿಟ್ಟೆ. ಮುಂದೇನು ಎಂದು ತೋಚದೆ ಮನೆಯ ಪಕ್ಕದ ಶೆಡ್ಡಿನ ಬೀಗ ತೆಗೆದೆ. ನನ್ನ ಗಂಡ ತಿಪ್ಪೇಶ ಆರು ವರ್ಷದಿಂದ ಅಲ್ಲಿ ಕಾರುಗಳಿಗೆ ಪಾಲಿಶ್ ಹಾಕುತ್ತಿದ್ದ. ಗೋಡೆಯ ಮೊಳೆಗಳಲ್ಲಿ ಬಣ್ಣ ಉಜ್ಜುವ ದುಂಡು ಪ್ಯಾಡುಗಳು ಸಾಲಾಗಿ ತೂಗುತ್ತಿದ್ದವು, ಮೆಷಿನ್ನು ತನ್ನ ವಯರು ಸುತ್ತಿಕೊಂಡು ಬೆಂಚಿನ ಮೇಲಿತ್ತು. ಯಾರೋ ಇದನ್ನೆಲ್ಲ ವಿವರಿಸುತ್ತಿದ್ದಾರೆ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬಂತೆ ನಿಂತು ನೋಡಿದೆ.

ಈ ಊರಿನಲ್ಲಿ ಕಾರಿನೊಳಗೆ ಕೂತು ಸುಳ್ಳು ಹೇಳಿದರೆ ಹೊರಗೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಹೇಳಿದವರು ಕೂತ ಕಡೆಯ ಬಾಗಿಲಿಗೇ ಬೀಳುತ್ತದೆ. ಗೊತ್ತಿಲ್ಲದೆ ತಪ್ಪು ಹೇಳಿದರೆ ಏನೂ ಆಗುವುದಿಲ್ಲ, ಗೊತ್ತಿದ್ದೂ ಹೇಳಿರಬೇಕು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಇದನ್ನು ವಿಚಿತ್ರ ಎಂದವರನ್ನು ನಾನು ಕಂಡಿಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಕೆಳಗಿಳಿದು, ಫೋನಿನಲ್ಲಿ "ಬಂದೇ ಬಿಟ್ಟೆ, ಇಲ್ಲೇ ಸರ್ಕಲ್ ಹತ್ರ ಇದೀನಿ" ಎಂದು ಹೇಳಿ ಮತ್ತೆ ಹತ್ತಿ ಹೋಗುವವರು ದಿನಕ್ಕೆ ಹತ್ತು ಜನ ಸಿಗುತ್ತಾರೆ. ಚುನಾವಣೆ ಬಂದರೆ ಅಭ್ಯರ್ಥಿಗಳು ನಡೆದೇ ಓಡಾಡುತ್ತಾರೆ. ಬಸ್ಸಿನ ಬಣ್ಣಕ್ಕೆ ಅಷ್ಟು ಸೂಕ್ಷ್ಮವಿಲ್ಲ, ಹಾಗಾಗಿ ಬಸ್ಸಿನಲ್ಲಿ ಎಲ್ಲರೂ ಧಾರಾಳವಾಗಿ ಮಾತಾಡುತ್ತಾರೆ. ಕಾರು ಕೊಳ್ಳುವವರು ಸಾಮಾನ್ಯವಾಗಿ ಬಿಳಿ ಇಲ್ಲವೆ ಬೆಳ್ಳಿ ಬಣ್ಣದ್ದನ್ನು ಕೊಳ್ಳುತ್ತಾರೆ, ಗೀರು ಎದ್ದು ಕಾಣುವುದಿಲ್ಲ ಅಂತ. ಕಡುನೀಲಿ ಕೊಳ್ಳಲು ಧೈರ್ಯ ಬೇಕು. ನಮ್ಮ ಎದುರು ಮನೆಯ ಓಂಕಾರಪ್ಪನವರದು ಕಡುನೀಲಿ. ಅವರು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವರು.

ಶೆಡ್ಡಿನ ಬಾಗಿಲು ತೆರೆದದ್ದನ್ನು ನೋಡಿ ಅವರು ರಸ್ತೆ ದಾಟಿ ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ನಿಂತರು.

"ಭಾನುವಾರ ಹುಡುಗನ ಕಡೆಯೋರು ಬರ್ತಾರೆ ಕಣವ್ವ. ನಮ್ಮ ಭಾಗ್ಯಶ್ರೀನ ನೋಡೋಕೆ."

"ಒಳ್ಳೇದಾಯ್ತಲ್ಲ ಓಂಕಾರಣ್ಣ."

"ಒಳ್ಳೇದೇ. ಆದ್ರೆ ಬರೋರು ಹುಡುಗಿ ನೋಡೋಕೆ ಮುಂಚೆ ಅಂಗಳದಾಗಿರೋ ಕಾರಿಗೆ ಒಂದು ಸುತ್ತು ಹಾಕ್ತಾರೆ, ನಿಂಗೊತ್ತಲ್ಲ. ನಾನು ಹನ್ನೆರಡು ದಿನದಿಂದ ಅದಕ್ಕೆ ಟಾರ್ಪಾಲು ಹೊದಿಸಿಟ್ಟಿದೀನಿ. ಮದುವೆ ಮನೇಲಿ ಟಾರ್ಪಾಲು ಹೊದಿಸಿದ ಕಾರು ಇದ್ರೆ ಗೀರು ಬಿದ್ದಿದ್ದಕ್ಕಿಂತ ಕೆಟ್ಟದಾಗಿ ಕಾಣುತ್ತೆ."

ಹನ್ನೆರಡು ದಿನ ಎಂದಾಗ ನನಗೆ ಅರ್ಥವಾಯಿತು. ತಿಪ್ಪೇಶನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವರ ಕಾರಿನಲ್ಲಿ.

"ಖೈರೂಬಿ ಹತ್ರ ಕೊಡಿ," ಎಂದೆ. ಸೇತುವೆಯ ಆಚೆ ಇರುವ ಖೈರುನ್ನಿಸಾ, ನಮಗೆಲ್ಲ ಖೈರೂಬಿ ಆಪಾ, ಅಂದರೆ ಅಕ್ಕ, ಈ ಊರಿನ ಇನ್ನೊಬ್ಬ ಪಾಲಿಶಿನವರು. ತಿಪ್ಪೇಶನಿಗಿಂತ ಹಳಬರು, ಹೆಸರಾದವರು.

"ಕೊಡಬಹುದು. ಮನಸ್ಸು ಬರ್ಲಿಲ್ಲ. ಆ ಗೀರು ಅವತ್ತಿನವು." ಅವರು ನೆಲ ನೋಡುತ್ತ ಹೇಳಿದರು. "ನಾನು ಎರಡು ಹೇಳಿದೆ ಅವತ್ತು. ಐದೇ ನಿಮಿಷ, ತಲುಪಿಬಿಡ್ತೀವಿ ಅಂದೆ. ಇಪ್ಪತ್ತು ನಿಮಿಷದ ದಾರಿ ಅಂತ ಗೊತ್ತಿತ್ತು. ಆಮೇಲೆ, ಇಂಥವು ಬೇಕಾದಷ್ಟು ನೋಡಿದೀನಿ ಅಂದೆ. ನಾನೆಲ್ಲಿ ನೋಡಿದೀನವ್ವ, ಕುರ್ಚಿ ಎಣಿಸೋನು."

"ನನಗೆ ಈ ಕೆಲಸ ಬರಲ್ಲ ಓಂಕಾರಣ್ಣ."

"ಎಂ.ಎಸ್ಸಿ. ಮಾಡಿದೀಯ."

"ಅದು ಸಸ್ಯಶಾಸ್ತ್ರ."

"ಎಲೆನಾದ್ರೂ ಒರೆಸಿರ್ತೀಯಲ್ಲ," ಎಂದರು. ಅಂದದ್ದೇ, ಇಂಥ ಹೊತ್ತಿನಲ್ಲಿ ತಮಾಷೆ ಮಾಡಿಬಿಟ್ಟೆನಲ್ಲ ಎಂದು ಬಾಯಿಗೆ ಟವೆಲು ಇಟ್ಟುಕೊಂಡರು. ನಾನು ಕಾರು ತಂದು ನಿಲ್ಲಿಸಿ ಎಂದೆ. ನಗಿಸಲು ನೋಡಿದವರಿಗೆ ಇಲ್ಲ ಎನ್ನುವುದು ಹೇಗೆಂದು ತಿಳಿಯಲಿಲ್ಲ.

ಕಾರು ತೊಳೆದು, ಒಣಗಿಸಿ, ನನ್ನ ಓದಿನ ಕಾಲದ ಭೂತಗನ್ನಡಿ ಹಿಡಿದು ಕೂತೆ. ಎಲೆಯ ನರ ನೋಡಲು ಬಳಸುತ್ತಿದ್ದ ಹತ್ತು ಪಟ್ಟಿನ ಗಾಜು ಅದು. ನೋಡುವುದು ನನಗೆ ಬರುತ್ತದೆ. ಒರೆಸುವ ಬಟ್ಟೆಯಿಂದ ಬಿದ್ದ ಗೀರುಗಳು ಸುತ್ತು ಸುತ್ತಾಗಿರುತ್ತವೆ, ದೀಪ ಹಿಡಿದರೆ ಜೇಡರ ಬಲೆಯ ಹಾಗೆ ಹೊಳೆಯುತ್ತವೆ. ಮಾತಿನಿಂದ ಬಿದ್ದವು ನೆಟ್ಟಗಿರುತ್ತವೆ. ಪೆನ್ನಿನಲ್ಲಿ ಎಳೆದ ಗೆರೆಯ ಹಾಗೆ, ಊರಿದ ಕಡೆ ಸ್ವಲ್ಪ ಅಗಲ, ಎತ್ತಿದ ಕಡೆ ಚೂಪು. ಡ್ರೈವರ್ ಬಾಗಿಲಿನ ಮೇಲೆ ಅಂಥ ಗೀರು ಎರಡಿದ್ದವು. ಓಂಕಾರಪ್ಪನವರ ಲೆಕ್ಕ ತಪ್ಪಿರಲಿಲ್ಲ. ಹಿಂದಿನ ಬಲ ಬಾಗಿಲು ಶುಭ್ರವಾಗಿತ್ತು. ಹಿಂದಿನ ಎಡ ಬಾಗಿಲಿನಲ್ಲಿ, ಹಿಡಿಯ ಕೆಳಗೆ, ಹೆಬ್ಬೆರಳುದ್ದದ ಗೀರು ಒಂದಿತ್ತು.

ನಾನು ಆ ಒಂದನ್ನು ಬಹಳ ಹೊತ್ತು ನೋಡಿದೆ. ಅವತ್ತು ಹಿಂದಿನ ಸೀಟಿನ ಎಡಗಡೆ ನಾನು ಕೂತಿದ್ದೆ. ತಿಪ್ಪೇಶ ಸೀಟಿನುದ್ದಕ್ಕೂ ಮಲಗಿ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದ. ಇಬ್ಬರ ಬಾಯಿಯೂ ಆ ಬಾಗಿಲಿನ ಪಕ್ಕದಲ್ಲೇ ಇತ್ತು. ಇಪ್ಪತ್ತು ನಿಮಿಷದಲ್ಲಿ ನಾವು ಮಾತಾಡಿದ್ದು ಕಡಿಮೆ. ನಾನು "ನೋವಿದೆಯಾ?" ಎಂದು ಕೇಳಿದೆ. ಅವನು "ನೋವಿಲ್ಲ ಕಣೇ" ಎಂದ. ಸ್ವಲ್ಪ ಹೊತ್ತಿಗೆ ಅವನು "ಹೆದರ್ಕೊಂಡ್ಯಾ?" ಎಂದು ಕೇಳಿದ. ನಾನು "ಇಲ್ಲ" ಎಂದೆ. ಆಸ್ಪತ್ರೆಯ ಗೇಟಿನ ಹೊತ್ತಿಗೆ ಅವನು ಮಾತಾಡುವುದನ್ನು ನಿಲ್ಲಿಸಿದ್ದ.

ಹೇಳಿದ ಮಾತು ಎರಡು, ಗೀರು ಒಂದು. ಎರಡರಲ್ಲಿ ಒಂದು ಮಾತು ನಿಜ. ಗೀರು ಅವನದಾದರೆ, ಅವನು ನೋವಿನಲ್ಲೇ ಹೋದ. ನನ್ನದಾದರೆ, ನೋವಿರಲಿಲ್ಲ. ನಾನು ಅವತ್ತು ಹೆದರಿದ್ದೆನೋ ಇಲ್ಲವೋ ನೆನಪು ಮಾಡಿಕೊಂಡರೆ ಉತ್ತರ ಸಿಗಬೇಕಿತ್ತು. ಮಾಡಿಕೊಂಡೆ. ಸೀಟಿನ ಕವರಿನ ಗುಲಾಬಿ ಹೂವಿನ ಚಿತ್ರ ನೆನಪಿತ್ತು, ಗುಂಡಿ ಬಂದಾಗ ಓಂಕಾರಪ್ಪ ಪ್ರತಿ ಸಲ "ಶಿವಾ" ಎಂದದ್ದು ನೆನಪಿತ್ತು. ನನ್ನೊಳಗೆ ಏನಿತ್ತು ಎಂಬುದು ನೆನಪಿರಲಿಲ್ಲ. ಅವತ್ತಿನಿಂದ ನನ್ನೊಳಗೆ ಏನೂ ಇಲ್ಲ.

ಪ್ಯಾಡುಗಳನ್ನು ಮೊಳೆಯಿಂದ ಇಳಿಸಿ ಬೆಂಚಿನ ಮೇಲೆ ಹರಡಿದೆ. ಉಣ್ಣೆಯದು ಒಂದು, ಕುರಿಯ ಬೆನ್ನಿನ ಹಾಗೆ ಗುಂಗುರು. ಫೋಮಿನವು ಹಳದಿ, ಕಿತ್ತಳೆ, ಕಪ್ಪು. ದೊಡ್ಡವು, ಸಣ್ಣವು. ಕೆಲವು ಚಪ್ಪಟೆ, ಕೆಲವಕ್ಕೆ ಜೇನುಗೂಡಿನಂಥ ತೂತು. ಕೆಳಗಿನ ಖಾನೆಯಲ್ಲಿ, ಮುಚ್ಚಳವಿದ್ದ ಸ್ಟೀಲ್ ಡಬ್ಬಿಯೊಳಗೆ, ಬಿಳಿಯದೊಂದು ಸಿಕ್ಕಿತು. ಅದರ ಅಂಚಿಗೆ ಹಸಿರು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿತ್ತು. ಉಳಿದವೆಲ್ಲ ಒಣಗಿ ಬಿರುಸಾಗಿದ್ದವು. ಇದೊಂದು ಮಾತ್ರ ದಿನವೂ ತೊಳೆಯುವ ಬಟ್ಟೆಯ ಹಾಗೆ ಮೆತ್ತಗಿತ್ತು. ಯಾವುದನ್ನು ಯಾವುದಕ್ಕೆ ಬಳಸುವುದೋ ನನಗೆ ತಿಳಿಯದು. ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿಕೊಂಡು ಸೇತುವೆ ದಾಟಿದೆ.

ಖೈರೂಬಿ ಒಂದು ಟ್ಯಾಕ್ಸಿಯ ಡಿಕ್ಕಿಯ ಮೇಲೆ ಬಾಗಿದ್ದರು. ಐವತ್ತೈದರ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿದರು.

"ತಿಪ್ಪೇಶನ ಹೆಂಡ್ತಿ ಅಲ್ವಾ. ಬಾ ಬೇಟಿ. ಆ ಕಾರಿಗೆ ಒರಗ್ಬೇಡ, ಈಗಷ್ಟೇ ಮುಗಿಸಿದೀನಿ. ಸ್ಟೂಲ್ ತಗೋ. ಮಣ್ಣಿಗೆ ಬಂದಿದ್ದೆ, ನೀನು ನೋಡ್ಲಿಲ್ಲ."

"ನೋಡಿದ್ದೆ ಆಪಾ. ಮಾತಾಡೋಕೆ ಆಗಲಿಲ್ಲ."

ನಾನು ಓಂಕಾರಪ್ಪನವರ ಕಾರಿನ ವಿಷಯ ಹೇಳಿದೆ. ಪ್ಯಾಡು ಆರಿಸುವುದು ಹೇಗೆ ಎಂದು ಕೇಳಿದೆ. ಸೇತುವೆಯ ಈ ಕಡೆಯವರು ಆ ಕಡೆಯವರಿಗೆ ಕೆಲಸ ಹೇಳಿಕೊಡುವುದಿಲ್ಲ ಎಂದು ಕೇಳಿದ್ದೆ. ಅವರು ನನ್ನ ಚೀಲ ಎಳೆದುಕೊಂಡು, ಕಿತ್ತಳೆಯದನ್ನೂ ಹಳದಿಯದನ್ನೂ ತೆಗೆದು ನನ್ನ ಕೈಗಿತ್ತರು.

"ಯಾವ್ದು ಗಟ್ಟಿ?"

"ಹಳದಿ?" ಎಂದೆ.

"ಯಾಕೆ?"

"ತಿಪ್ಪೇಶ್ ಅದನ್ನ ಮೇಲಿನ ಮೊಳೆಗೆ ಹಾಕ್ತಿದ್ರು."

"ಮೊಳೆ ನೋಡಿದ್ರೆ ಗೊತ್ತಾಗಲ್ಲ, ಬಣ್ಣ ನೋಡಿದ್ರೂ ಗೊತ್ತಾಗಲ್ಲ. ಬಣ್ಣ ನೋಡಿ ಆರಿಸೋದು ಸೀರೆ ಅಂಗಡೀಲಿ. ಒಂದು ಕಂಪನಿಯ ಕಿತ್ತಳೆ ಇನ್ನೊಂದು ಕಂಪನಿಯ ಹಳದಿಗಿಂತ ಗಟ್ಟಿ ಇರುತ್ತೆ. ಹೆಬ್ಬೆರಳಲ್ಲಿ ಒತ್ತು. ಎಷ್ಟು ಬೇಗ ಮೇಲೆ ಬರುತ್ತೆ ನೋಡು."

ಒತ್ತಿದೆ. ಹಳದಿ ನಿಧಾನಕ್ಕೆ ಎದ್ದಿತು, ಕಿತ್ತಳೆ ತಟ್ಟನೆ ಎದ್ದಿತು. ಗಟ್ಟಿ ಇದ್ದದ್ದು ಕಿತ್ತಳೆ. ನನಗೆ ಎಷ್ಟೋ ದಿನದ ಮೇಲೆ ಏನೋ ಒಂದು ತಿಳಿದ ಹಾಗಾಯಿತು. ಮತ್ತೆ ಒತ್ತಿದೆ.

"ಗಟ್ಟಿ ಪ್ಯಾಡು ಆಳದ ಗೀರು ತೆಗೆಯುತ್ತೆ. ಆದ್ರೆ ತಾನೂ ಒಂದಿಷ್ಟು ಮಂಜು ಬಿಡುತ್ತೆ, ಅದನ್ನ ಮೆತ್ತಗಿನದು ಹಾಕಿ ತೆಗೀಬೇಕು. ಉಣ್ಣೆ ಎಲ್ಲಕ್ಕಿಂತ ಜಾಸ್ತಿ ತಿನ್ನುತ್ತೆ. ಅಂಚಿನ ಮೇಲೆ ಉಣ್ಣೆ ಇಟ್ಟೆಯೋ, ತಗಡು ಕಾಣ್ತು ಅಂತ ತಿಳ್ಕೋ. ಅದಕ್ಕೇ ಯಾವಾಗ್ಲೂ ಎಲ್ಲಕ್ಕಿಂತ ಮೆತ್ತಗಿನದರಿಂದ ಶುರು. ಅಂಗೈಯಷ್ಟು ಜಾಗದಲ್ಲಿ ಮಾಡಿ ನೋಡು. ಹೋಗ್ಲಿಲ್ಲ ಅಂದ್ರೆ ಮುಂದಿನದು. ಹೋಯ್ತಾ, ನಿಲ್ಸು."

"ಯಾವ ಗೀರಿಗೆ ಯಾವುದು ಅಂತ ಮೊದಲೇ ಗೊತ್ತಾಗಲ್ವಾ?"

"ಆಡಿದ ಮಾತು ಗೊತ್ತಿದ್ರೆ ಗೊತ್ತಾಗುತ್ತೆ. ಗಿರಾಕಿ ಹೇಳಲ್ಲ, ನಾವು ಕೇಳಬಾರದು." ಅವರು ಪ್ಯಾಡುಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟರು. "ಲಾಭಕ್ಕೆ ಆಡಿದ್ದು ಆಳ ಹೋಗುತ್ತೆ, ಅದಕ್ಕೆ ಉಣ್ಣೆ. ಹೆದರಿ ಆಡಿದ್ದು ನಡುವೆ ಎಲ್ಲೋ ಇರುತ್ತೆ, ಕಿತ್ತಳೆ ಬೇಕಾಗುತ್ತೆ. ಇನ್ನೊಬ್ಬರಿಗೆ ನೋವಾಗಬಾರದು ಅಂತ ಆಡಿದ್ದು ಮೇಲ್ಮೇಲೆ. ಬಿಳೀದು ಸಾಕು."

ನಾನು ಚೀಲದ ತಳದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಆಪಾ ಕನ್ನಡಕ ಏರಿಸಿಕೊಂಡರು. ಹಸಿರು ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದು ನಂದು."

"ನಿಮ್ಮದಾ?"

"ನಂದೇ. ಇಷ್ಟು ಮೆತ್ತಗಿನದು ಈಗ ಸಿಗಲ್ಲ. ನಾಲ್ಕು ತಿಂಗಳ ಹಿಂದೆ ಬಂದು ಇಸ್ಕೊಂಡು ಹೋದ. ಮನೆ ಕಾರಿಗೆ ಬೇಕು ಆಪಾ, ನಾಲ್ಕು ದಿನ ಅಂದ. ನಾಲ್ಕು ದಿನ ಆಯ್ತು, ನಾಲ್ಕು ವಾರ ಆಯ್ತು."

"ಮನೆ ಕಾರಿಗೆ ಯಾಕೆ ಅಂತ ಕೇಳಲಿಲ್ವಾ?"

"ಕೊಡುವಾಗ ಕೇಳೋ ಪದ್ಧತಿ ಇಲ್ಲ." ಅವರು ಡಬ್ಬಿಯ ಮುಚ್ಚಳ ಹಾಕಿ ನನ್ನ ಮುಂದೆಯೇ ಇಟ್ಟರು. "ಓಂಕಾರಪ್ಪನ ಕೆಲಸ ಮುಗಿಸ್ಕೊಂಡೇ ತಂದುಕೊಡು."

ಎದ್ದು ನಿಂತ ಮೇಲೆ ಎಡ ಬಾಗಿಲಿನ ವಿಷಯವನ್ನೂ ಹೇಳಿಬಿಟ್ಟೆ. ಎರಡು ಮಾತು, ಒಂದು ಗೀರು. ಆಪಾ ಮೆಷಿನ್ನಿನ ತಟ್ಟೆಗೆ ಅಂಟಿದ ಪುಡಿಯನ್ನು ಬ್ರಷ್ಷಿನಿಂದ ಉದುರಿಸಿದರು.

"ನಿನಗೆ ಬೇಡ ಅನ್ನಿಸಿದ್ರೆ ನೇರ ಕಿತ್ತಳೆ ಹಾಕು," ಎಂದರು. "ಯಾರದೇ ಇರ್ಲಿ, ಹೋಗುತ್ತೆ. ಯಾರದ್ದು ಅಂತ ಗೊತ್ತಾಗದೇನೇ ಹೋಗುತ್ತೆ. ಯಾರೂ ತಪ್ಪು ಅನ್ನಲ್ಲ ಬೇಟಿ."

ಮನೆಗೆ ಬಂದು ಮೊದಲು ನಮ್ಮ ಕಾರಿನ ಹತ್ತಿರ ಹೋದೆ. ಹನ್ನೊಂದು ವರ್ಷ ಹಳೆಯ, ಬೂದು ಬಣ್ಣದ ಸಣ್ಣ ಕಾರು. ಪಾಲಿಶಿನವನ ಕಾರಿಗೆ ಪಾಲಿಶ್ ಇರುವುದಿಲ್ಲ ಎಂದು ತಿಪ್ಪೇಶನೇ ನಗುತ್ತಿದ್ದ. ಬಾನೆಟ್ಟು ಮಂಕಾಗಿತ್ತು, ಎಡ ಬಾಗಿಲು ಮಂಕಾಗಿತ್ತು. ಬಲಗಡೆಗೆ ಸುತ್ತಿ ಬಂದೆ. ಡ್ರೈವರ್ ಬಾಗಿಲಿನಲ್ಲಿ ನನ್ನ ಮುಖ ಕಂಡಿತು. ಕಿವಿಯ ಓಲೆಯ ಕಲ್ಲು ಕೂಡ ಎಣಿಸಬಹುದಿತ್ತು.

ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರೊಂದು ಶೆಡ್ಡಿನಲ್ಲಿತ್ತು. ತಂದು ಇಟ್ಟೆ. ಎಡ ಬಾಗಿಲು ನೂರ ಹನ್ನೆರಡು ಮೈಕ್ರಾನ್. ಬಾನೆಟ್ಟು ನೂರ ಹದಿನಾಲ್ಕು. ಹಿಂದಿನ ಬಾಗಿಲುಗಳು ನೂರ ಹತ್ತು, ನೂರ ಹನ್ನೆರಡು. ಡ್ರೈವರ್ ಬಾಗಿಲು ಎಪ್ಪತ್ತೊಂಬತ್ತು. ಮೂರು ಕಡೆ ಇಟ್ಟು ನೋಡಿದೆ. ಎಪ್ಪತ್ತೊಂಬತ್ತು, ಎಂಬತ್ತು, ಎಪ್ಪತ್ತೊಂಬತ್ತು. ಆಪಾಗೆ ಫೋನ್ ಮಾಡಿ, ಬಿಳಿ ಪ್ಯಾಡು ಒಂದು ಸಲಕ್ಕೆ ಎಷ್ಟು ತೆಗೆಯುತ್ತದೆ ಎಂದು ಕೇಳಿದೆ. "ಮೈಕ್ರಾನಿನಲ್ಲಿ ಮೂರನೇ ಒಂದು ಪಾಲು ಇರಬಹುದು. ಯಾಕೆ?" ಎಂದರು. ಸುಮ್ಮನೆ ಎಂದೆ. ಕಾರಿನ ಹೊರಗೆ ಅಂಗಳದಲ್ಲಿ ನಿಂತಿದ್ದೆ, ಸುಳ್ಳು ಹೇಳಬಹುದಿತ್ತು.

ಮೂವತ್ತಮೂರು ಮೈಕ್ರಾನ್ ಸವೆದಿತ್ತು. ತೊಂಬತ್ತೊಂಬತ್ತು ಸಲ.

ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನವೂ ಎಂಟೂಮುಕ್ಕಾಲಿಗೆ ತಿಪ್ಪೇಶ ನನ್ನನ್ನು ಕಾರಿನಲ್ಲಿ ಬಿಟ್ಟು ಬರುತ್ತಿದ್ದ. ಬೇಸಿಗೆಯಿಂದ ಅವನ ಮುಖ ಸರಿ ಇರಲಿಲ್ಲ. ದಾರಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದೆ, ಎದೆ ಹತ್ರ ಯಾಕೆ ಕೈ ಇಟ್ಕೋತೀಯ ಅಂತ. ಏನಿಲ್ಲ, ಗ್ಯಾಸ್ ಕಣೇ, ರಾತ್ರಿ ಹುರಳಿಕಾಳು ತಿಂದೆನಲ್ಲ ಎನ್ನುತ್ತಿದ್ದ. ನಾನು ಕಾಲೇಜಿನ ಗೇಟಿನಲ್ಲಿ ಎಡಗಡೆ ಇಳಿದು ಹೋಗುತ್ತಿದ್ದೆ. ಬಲಗಡೆಯ ಬಾಗಿಲನ್ನು ನೋಡುವ ಸಂದರ್ಭವೇ ಬರುತ್ತಿರಲಿಲ್ಲ. ಆದರೂ ಅವನು ಮನೆಗೆ ಬಂದು, ಬಿಳಿ ಪ್ಯಾಡು ಹಿಡಿದು, ಅವತ್ತಿನ ಗೀರನ್ನು ಅವತ್ತೇ ತೆಗೆಯುತ್ತಿದ್ದ. ಎಲ್ಲಾದರೂ ಸಂಜೆ ಕಾಲೇಜಿನಿಂದ ಬಂದಾಗ ನಾನು ಆ ಕಡೆಯಿಂದ ಹಾದು ಹೋದರೆ ಅಂತ.

ಕೋಪ ಬರಬೇಕಿತ್ತು. ಮೀಟರನ್ನು ಅದರ ಚೀಲಕ್ಕೆ ಹಾಕಿ ಜಿಪ್ಪು ಎಳೆದೆ.

ಆಮೇಲೆ ಎರಡು ದಿನ ನಾನು ಓಂಕಾರಪ್ಪನವರ ಕಾರಿನ ಉಳಿದ ಭಾಗವನ್ನು ಮಾಡಿದೆ, ಬಟ್ಟೆಯ ಸುತ್ತುಗೀರುಗಳನ್ನು. ಕೈ ಪಳಗಲಿ ಎಂದು. ಅಂಚುಗಳಿಗೆ ಟೇಪು ಹಚ್ಚಿದೆ. ಪ್ಯಾಡಿಗೆ ನಾಲ್ಕು ಬೊಟ್ಟು ಕಾಂಪೌಂಡು, ಅಂದರೆ ಉಜ್ಜುವ ಪೇಸ್ಟು, ಇಟ್ಟು, ಮೆಷಿನ್ ಶುರು ಮಾಡುವ ಮೊದಲೇ ಬಣ್ಣಕ್ಕೆ ಒತ್ತಿ ಹರಡುವುದನ್ನು ಕಲಿತೆ. ಮೊದಲ ದಿನ ಹರಡದೆ ಶುರು ಮಾಡಿ ಗೋಡೆ, ಸೀರೆ, ಕ್ಯಾಲೆಂಡರು ಎಲ್ಲಕ್ಕೂ ಚುಕ್ಕೆ ಇಟ್ಟಿದ್ದೆ. ಪ್ಯಾಡು ಓರೆಯಾದರೆ ಮೆಷಿನ್ನು ಎಳೆದುಕೊಂಡು ಓಡುತ್ತದೆ, ಚಪ್ಪಟೆಯಾಗಿ ಕೂತರೆ ಎಳೆಯುವುದಿಲ್ಲ. ಎರಡು ಸುತ್ತಿಗೊಮ್ಮೆ ಬ್ರಷ್ಷಿನಿಂದ ಪ್ಯಾಡು ಕೆದಕಬೇಕು, ಇಲ್ಲದಿದ್ದರೆ ತೆಗೆದ ಬಣ್ಣವೇ ಮತ್ತೆ ಗೀರುತ್ತದೆ. ಬಾನೆಟ್ಟಿಗೆ ದೊಡ್ಡದು, ಹಿಡಿಯ ಸುತ್ತ ಸಣ್ಣದು. ಇದನ್ನೆಲ್ಲ ಅವನು ಹೇಳಿಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಕೇಳಿದ್ದರೆ ಬಹಳ ಖುಷಿಪಡುತ್ತಿದ್ದ ಅನ್ನಿಸಿತು. ಶುಕ್ರವಾರ ಓಂಕಾರಪ್ಪ ಬಂದು ಬಾನೆಟ್ಟಿನಲ್ಲಿ ಇಣುಕಿ, "ಮುಖ ಕಾಣ್ತೈತಲ್ಲವ್ವ! ನಂದೇನಾ ಇದು, ಇಷ್ಟು ವಯಸ್ಸಾಯ್ತಾ?" ಎಂದು ಹೇಳಿ ಹೋದರು.

ಶನಿವಾರ ಬೆಳಿಗ್ಗೆ ಡ್ರೈವರ್ ಬಾಗಿಲಿಗೆ ಬಿಳಿ ಪ್ಯಾಡು ಹಾಕಿದೆ. ಓಂಕಾರಪ್ಪನವರ ಎರಡು ಸುಳ್ಳುಗಳೂ ಒಂದೇ ಸುತ್ತಿಗೆ ಹೋದವು. ಬಟ್ಟೆಯಲ್ಲಿ ಒರೆಸಿ, ಗಾಜು ಹಿಡಿದು ನೋಡಿದೆ. ಕುರುಹೂ ಇರಲಿಲ್ಲ. ಪ್ಯಾಡು ಸರಿಯಿದೆ, ನನ್ನ ಕೈಯೂ ಸರಿಯಿದೆ ಎಂದಾಯಿತು.

ಎಡ ಬಾಗಿಲಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಒಂದು ಕೈಯಲ್ಲಿ ಬಿಳಿ, ಒಂದು ಕೈಯಲ್ಲಿ ಕಿತ್ತಳೆ. ಕಿತ್ತಳೆ ಹಾಕಿದರೆ ಐದು ನಿಮಿಷದ ಕೆಲಸ, ಮುಂದೆ ಯಾವತ್ತೂ ಗೊತ್ತಾಗುವುದಿಲ್ಲ. ಬಿಳಿ ಹಾಕಿದರೆ ಗೊತ್ತಾಗುತ್ತದೆ. ಅವನ ಸುಳ್ಳು ಯಾವ ಪ್ಯಾಡಿಗೆ ಹೋಗುತ್ತದೆ ಎಂಬುದಕ್ಕೆ ನನ್ನ ಬಳಿ ತೊಂಬತ್ತೊಂಬತ್ತು ಉದಾಹರಣೆ ಇದ್ದವು. ಅದೇ ಮನುಷ್ಯ, ಅದೇ ಮಾತು, ಕೇಳುವವಳೂ ಅವಳೇ. ಗೀರು ಅವನದಾದರೆ ಬಿಳಿಗೆ ಹೋಗಬೇಕು. ಹೋದರೆ, ನನ್ನ ತೊಡೆಯ ಮೇಲೆ ಇಪ್ಪತ್ತು ನಿಮಿಷ ಅವನು ನೋವು ತಿನ್ನುತ್ತಿದ್ದ. ನಾನು ಸೀಟಿನ ಹೂವು ನೋಡುತ್ತಿದ್ದೆ.

ಬಿಳಿಯದನ್ನು ಮೆಷಿನ್ನಿಗೆ ಅಂಟಿಸಿದೆ.

ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ನಿಲ್ಲಿಸಿ ಒರೆಸಿದೆ. ಗೀರಿತ್ತು. ಬಾಗಿಲು ಬಿಸಿಯಾಗಿದೆಯೇ ಎಂದು ಕೈಯ ಹಿಂಬದಿ ಇಟ್ಟು ನೋಡಿದೆ. ಪ್ಯಾಡು ಕೆದಕಿ, ಹೊಸ ಬೊಟ್ಟು ಇಟ್ಟು, ಇನ್ನೊಮ್ಮೆ ಮಾಡಿದೆ. ಗೀರಿತ್ತು. ಸುತ್ತಲಿನ ಸಣ್ಣ ಮಬ್ಬೆಲ್ಲ ಹೋಗಿ ಅದೊಂದೇ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮೂರನೇ ಸಲ ಮಾಡಿದೆ. ಮೂರು ಸಲ ಬೇಕಿರಲಿಲ್ಲ, ಮಾಡಿದೆ. ಗಾಜು ಹಿಡಿದೆ. ಊರಿದ ಕಡೆ ಅಗಲ, ಎತ್ತಿದ ಕಡೆ ಚೂಪು. ಹಾಗೇ ಇತ್ತು.

ಹಾಗಾದರೆ ಅದು ನನ್ನದು. ನಾನು ಹೆದರಿದ್ದೆ, ಹೆದರಿಯೇ ಇಲ್ಲ ಎಂದಿದ್ದೆ.

ಸ್ಟೂಲಿನಿಂದ ಕೆಳಗಿಳಿದು ನೆಲದ ಮೇಲೆ ಕೂತೆ. ಎಷ್ಟು ಹೆದರಿದ್ದೆ ಎಂಬುದು ನಿಧಾನವಾಗಿ ನೆನಪಾಗತೊಡಗಿತು, ಜೋಮು ಹಿಡಿದ ಕಾಲಿಗೆ ರಕ್ತ ಹರಿದ ಹಾಗೆ. ಅವನ ತಲೆಯ ತೂಕ, ಹಣೆಯ ತಣ್ಣನೆಯ ಬೆವರು, ಇವನು ಹೋದರೆ ನಾನು ಏನು ಮಾಡಲಿ ಎಂದು ಮನಸ್ಸು ಒಂದೇ ಸಮ ಕೇಳುತ್ತಿದ್ದದ್ದು, ಬಾಯಿ ಮಾತ್ರ ಇಲ್ಲ ಎಂದದ್ದು. ನಾಲ್ಕು ತಿಂಗಳು ಸುಳ್ಳು ಹೇಳಿದವನು ಕೊನೆಯ ಸಲ ನಿಜ ಹೇಳಿದ್ದ. ಆ ಹೊತ್ತಿಗೆ ನೋವು ನಿಂತಿತ್ತು. ನಿಂತದ್ದು ಒಳ್ಳೆಯ ಲಕ್ಷಣ ಅಲ್ಲ ಎಂದು ಈಗ ಗೊತ್ತಿದೆ, ಆದರೂ ನಿಂತಿತ್ತು. ಇದು ಸಾಬೀತಾದ ಸಂಗತಿ ಅಲ್ಲ. ಇಷ್ಟೇ ಆಧಾರ ಇಟ್ಟುಕೊಂಡು ಪ್ರಬಂಧ ಬರೆದಿದ್ದರೆ ನಮ್ಮ ವಿಭಾಗದಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನಾನು ಒಪ್ಪಿದೆ.

ಮಧ್ಯಾಹ್ನ ಕಿತ್ತಳೆ ಹಾಕಿ ನನ್ನ ಗೀರು ತೆಗೆದೆ. ಎರಡು ಸುತ್ತಿಗೆ ಹೋಯಿತು. ಅದು ಬಿಟ್ಟ ಮಂಜನ್ನು ಕಪ್ಪು ಪ್ಯಾಡಿನಿಂದ ತೆಗೆದೆ. ಭಾನುವಾರ ಹುಡುಗನ ಕಡೆಯವರು ಬಂದು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದನ್ನು ಕಿಟಕಿಯಿಂದ ನೋಡಿದೆ. ಹುಡುಗನ ಸೋದರಮಾವ ಬಗ್ಗಿ, ಎಡ ಬಾಗಿಲಿನಲ್ಲಿ ತಲೆ ಬಾಚಿಕೊಂಡರು. ಸಂಜೆ ಭಾಗ್ಯಶ್ರೀ ತಾನೇ ತಟ್ಟೆಯಲ್ಲಿ ಹೋಳಿಗೆ ಇಟ್ಟುಕೊಂಡು ಬಂದು, "ಒಪ್ಪಿದ್ರಂತೆ ಅಕ್ಕ, ಕಾರನ್ನ," ಎಂದಳು.

ಸೋಮವಾರ ಬಿಳಿ ಪ್ಯಾಡನ್ನು ಬಿಸಿ ನೀರಿನಲ್ಲಿ ತೊಳೆದು, ಹಿಂಡಿ, ನೆರಳಿನಲ್ಲಿ ಆರಿಸಿದೆ. ಒಂದೂವರೆಯ ಹೊತ್ತಿಗೆ ಸೇತುವೆ ದಾಟಿದೆ. ಖೈರೂಬಿ ಡಬ್ಬಿಗೆ ಕೈ ಚಾಚಲಿಲ್ಲ. ಶೆಡ್ಡಿನ ಪಕ್ಕದಲ್ಲಿ ನಿಲ್ಲಿಸಿದ್ದ ತಮ್ಮ ಕಪ್ಪು ಕಾರಿನ ಬಾಗಿಲು ತೆಗೆದರು.

"ಒಳಗೆ ಕೂತ್ಕೋ. ವಾಪಸ್ ಇಸ್ಕೊಳ್ಳೋದು ಒಳಗೇನೇ."

ಕೆಲಸದವರ ಪದ್ಧತಿಯಂತೆ ಅದು. ಒಬ್ಬರ ಪ್ಯಾಡನ್ನು ಇನ್ನೊಬ್ಬರು ಎಲ್ಲಿ ಉಜ್ಜಿದ್ದಾರೋ, ಯಾವ ಮರಳು ಹೊಕ್ಕಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಹಾಗಾಗಿ ಕಾರಿನೊಳಗೆ ಕೂರಿಸಿ ಮೂರು ಪ್ರಶ್ನೆ ಕೇಳುತ್ತಾರೆ. ಆಪಾ ಸ್ಟೀರಿಂಗಿನ ಹಿಂದೆ ಕೂತರು, ನಾನು ಎಡಗಡೆ.

"ತೊಳೆದದ್ದು ಯಾರು?"

"ನಾನೇ. ಇವತ್ತು ಬೆಳಿಗ್ಗೆ."

"ನೆಲಕ್ಕೆ ಬಿದ್ದಿತ್ತಾ?"

"ನನ್ನ ಕೈಯಿಂದ ಇಲ್ಲ. ಅವರ ಕೈಯಿಂದ ಬಿತ್ತೋ ಏನೋ, ಗೊತ್ತಿಲ್ಲ."

"ಯಾವುದಕ್ಕೆ ಬಳಸಿದ್ದು?"

ಇದು ತಿಪ್ಪೇಶ ಹೇಳಬೇಕಾಗಿದ್ದ ಉತ್ತರ. ನಾಲ್ಕು ತಿಂಗಳು ಅವನು ಇದನ್ನು ವಾಪಸ್ ಕೊಡದೆ ಇಟ್ಟುಕೊಂಡದ್ದು ಈ ಪ್ರಶ್ನೆಗೆ ಹೆದರಿಯೂ ಇರಬಹುದು. ನಾನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದೆ. "ಅವರಿಗೆ ಎದೆ ನೋಯ್ತಿತ್ತು ಆಪಾ. ನನಗೆ ಗ್ಯಾಸ್ ಅಂತಿದ್ರು. ಆ ಗೀರನ್ನ ನಾನು ನೋಡಬಾರದು ಅಂತ ದಿನಾ ತೆಗೀತಿದ್ರು. ಕೊನೇಗೆ ನಾನು ಓಂಕಾರಣ್ಣನ ಕಾರಿಗೆ ಬಳಸಿದೆ. ಆ ಎಡ ಬಾಗಿಲಿನದು ಹೋಗಲಿಲ್ಲ. ಅದು ನಂದು."

ಆಪಾ ಮುಂದಿನ ಗಾಜಿನ ಕಡೆ ತಿರುಗಿದರು. "ಕೊಡುವಾಗ್ಲೇ ಕೇಳಬೇಕಿತ್ತು ನಾನು," ಎಂದರು. ಮೂಗು ಒರೆಸಿಕೊಂಡರು. ಆಮೇಲೆ "ಊಟ ಆಯ್ತಾ?" ಎಂದರು.

"ಆಯ್ತು ಆಪಾ," ಎಂದೆ.

ಇಬ್ಬರೂ ಇಳಿದೆವು. ಅವರು ಕಾರಿನ ಮುಂದಿನಿಂದ ಸುತ್ತಿ ನನ್ನ ಕಡೆಗೆ ಬಂದು, ಕನ್ನಡಕ ಏರಿಸಿ, ಬಾಗಿಲ ಮೇಲೆ ಬಗ್ಗಿದರು. ಬಗ್ಗಿದವರು ಹಾಗೇ ನನ್ನನ್ನು ತಿರುಗಿ ನೋಡಿದರು. ಕಪ್ಪು ಬಣ್ಣದ ಮೇಲೆ ಕೂದಲೆಳೆಯಂಥ ಒಂದು ಗೀರು, ಆಗಷ್ಟೇ ಬಿದ್ದದ್ದು.

"ಏನೇ ಇದು! ಗಂಡನ ವಿಷಯ ಅಷ್ಟೂ ನಿಜ ಹೇಳಿ, ಅನ್ನದ ವಿಷಯಕ್ಕೆ ಸುಳ್ಳಾ?"

"ಕೇಳಿದವರಿಗೆ ಹಾಗೇ ಹೇಳಿ ಅಭ್ಯಾಸ ಆಗಿದೆ ಆಪಾ."

"ಇಷ್ಟು ದಿನದಿಂದ ಹೀಗೇ ಹೇಳ್ತಿದೀಯಾ ಎಲ್ರಿಗೂ? ನೋಡು, ನನ್ನ ಕಾರು!" ಅವರಿಗೆ ನಗುವೋ ಅಳುವೋ ತಡೆಯಲಾಗಲಿಲ್ಲ. "ಈಗ ತಟ್ಟೆ ಇಡ್ತೀನಿ. ಅಷ್ಟರೊಳಗೆ ನೀನೇ ತೆಗಿ. ಇಷ್ಟಕ್ಕೆಲ್ಲ ಮೆಷಿನ್ ಬೇಡ, ಕೈಯಲ್ಲೇ ಒರೆಸು."

ಯಾವ ಪ್ಯಾಡು ಎಂದು ನಾನು ಕೇಳಲಿಲ್ಲ. ಡಬ್ಬಿ ತೆರೆದು ಬಿಳಿಯದನ್ನು ಅಂಗೈಗೆ ಸಿಕ್ಕಿಸಿಕೊಂಡೆ, ಒಂದೇ ಬೊಟ್ಟು ಇಟ್ಟುಕೊಂಡೆ. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಒರೆಸಿದೆ. ಒಂದು, ಎರಡು, ಮೂರು. ಮೂರನೆಯದಕ್ಕೆ ಗೀರು ಇರಲಿಲ್ಲ. ನನ್ನನ್ನು ಕಾಲೇಜಿಗೆ ಬಿಟ್ಟು ಬಂದು, ಎದೆ ನೋಯುತ್ತಿರುವಾಗ, ಅವನು ಇಷ್ಟೇ ಮಾಡಿರುತ್ತಾನೆ. ಅಂಗೈಗೆ ಅದು ಬಹಳ ಹಗುರವಾದ ಕೆಲಸ.

ಆಪಾ ಬಾಗಿಲಲ್ಲಿ ನಿಂತು ಕರೆದರು. ಪ್ಯಾಡನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಹಿಂಡಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟೆ.